ಕಡಿಮೆ ಬಜೆಟ್ಟಿನ ಅಪಾರ್ಟ್‌ಮೆಂಟ್: ದುಡ್ಡು ಮೊದಲು ಮೇಲಿನ ಮಹಡಿಗೆ

ಕಡಿಮೆ ಆದಾಯದವರಿಗೆ ಕಟ್ಟುವ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಉಳಿಸುವ ಮಾತು ಬಂದ ತಕ್ಷಣ ಎಲ್ಲರೂ ಸೋಲಾರ್ ಪ್ಯಾನೆಲ್ ಅನ್ನುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಬರಬೇಕಾದ ಮಾತು. ಹತ್ತು ಮಹಡಿ, ಮಹಡಿಗೆ ನಾಲ್ಕು ಮನೆ, ಒಂದೊಂದೂ 60 ಚದರ ಮೀಟರ್ ಅಂದುಕೊಳ್ಳಿ. ಮನೆಗಳು ನಲವತ್ತು, ತಾರಸಿ ಒಂದೇ. ಟ್ಯಾಂಕು, ಲಿಫ್ಟ್ ರೂಮು, ಓಡಾಡುವ ಜಾಗ ಕಳೆದರೆ ಮನೆಗೊಂದು ಕಿಲೋವಾಟ್ ಪ್ಯಾನೆಲ್ ಕೂರಿಸುವುದೂ ಕಷ್ಟ. ಪಂಪು, ಲಿಫ್ಟು, ಮೆಟ್ಟಿಲ ದೀಪಕ್ಕೆ ಅದು ಒದಗಿದರೆ ಸಾಕು.

ಒಂದೇ ಕಟ್ಟಡದಲ್ಲಿದ್ದರೂ ಎಲ್ಲ ಮನೆಗಳಿಗೂ ಬಿಸಿಲು ಒಂದೇ ಅಲ್ಲ. ನಡುವಿನ ಮನೆಗೆ ಮೇಲೆ, ಕೆಳಗೆ, ಪಕ್ಕದಲ್ಲಿ ನೆರೆಯವರಿದ್ದಾರೆ. ಹೊರಗೆ ತೆರೆದುಕೊಂಡಿರುವುದು ಒಂದೆರಡು ಗೋಡೆ ಮಾತ್ರ. ಕೊನೆಯ ಮಹಡಿಯ ಪಶ್ಚಿಮ ಮೂಲೆ ಮನೆಯ ಕಥೆಯೇ ಬೇರೆ. ಅದಕ್ಕೆ ತಲೆ ಮೇಲೆ ತಾರಸಿ, ಪಕ್ಕದಲ್ಲಿ ಸಂಜೆ ಬಿಸಿಲಿನ ಗೋಡೆ. ಸೆಕೆ ಜಾಸ್ತಿ ಅಂತ ಅಲ್ಲಿ ಬಾಡಿಗೆ ಕಡಿಮೆಯಾದರೆ, ಕರೆಂಟ್ ಬಿಲ್ ಕಟ್ಟಲು ಕಷ್ಟಪಡುವವರೇ ಅಲ್ಲಿಗೆ ಬರುತ್ತಾರೆ. ಹಾಗಾಗಿ ಇರುವ ದುಡ್ಡನ್ನು ಎಲ್ಲ ಮನೆಗೂ ಸಮನಾಗಿ ಹಂಚಬೇಡಿ. ಅಲ್ಲಿಗೆ ಹಾಕಿ.

150 ಮಿಲಿಮೀಟರ್ ಕಾಂಕ್ರೀಟ್ ಸ್ಲ್ಯಾಬ್ ಶಾಖವನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಅದರ ಮೇಲೆ 50 ಮಿಲಿಮೀಟರ್ ದಪ್ಪದ ಒಳ್ಳೆಯ ಫೋಮ್ ಹಲಗೆ ಹಾಸಿದರೆ ಒಳಗೆ ಬರುವ ಶಾಖ ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಲಗೆ ಸ್ಲ್ಯಾಬಿನ ಮೇಲೇ ಇರಬೇಕು. ಕೆಳಗೆ ಅಂಟಿಸಿದರೆ ಸ್ಲ್ಯಾಬ್ ದಿನವೂ ಕಾದು ಹಿಗ್ಗುತ್ತದೆ, ಗೋಡೆ ಸೇರುವ ಕಡೆ ಬಿರುಕು ಬಿಡುತ್ತದೆ. ವಾಟರ್‌ಪ್ರೂಫಿಂಗ್ ಪದರ ಹಲಗೆಯ ಕೆಳಗೆ ಬಂದರೆ ಅದಕ್ಕೂ ಬಿಸಿಲಿನ ಹೊಡೆತ ತಪ್ಪುತ್ತದೆ. ಆದರೆ ಆಗ ನೀರು ಹೀರದ ಫೋಮ್ ಬೇಕು, ಅಗ್ಗದ ಥರ್ಮೋಕೋಲ್ ನಡೆಯುವುದಿಲ್ಲ. ಎಲ್ಲಕ್ಕಿಂತ ಮೇಲೆ, ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಟೈಲ್ಸ್. ಧೂಳು ಕೂತರೆ ಅದರ ಗುಣ ಕಡಿಮೆಯಾಗುತ್ತದೆ, ಆಗಾಗ ತೊಳೆಯಬೇಕು. ಈ ಖರ್ಚನ್ನು ನಲವತ್ತು ಮನೆಗೆ ಭಾಗಿಸಿ ನೋಡಿ, ಅಂಥ ಭಾರವೇನಲ್ಲ.

ಪಶ್ಚಿಮದ ಕಿಟಕಿಗೆ ಸಜ್ಜಾ ಹಾಕಿಸಿ ಸಮಾಧಾನಪಡುವವರಿದ್ದಾರೆ. ಸಂಜೆಯ ಸೂರ್ಯ ಕೆಳಗಿರುತ್ತಾನೆ, ಬಿಸಿಲು ಸಜ್ಜಾದ ಅಡಿಯಿಂದಲೇ ನುಗ್ಗುತ್ತದೆ. ಪರದೆಯೂ ಅಷ್ಟಕ್ಕಷ್ಟೇ, ಯಾಕೆಂದರೆ ಶಾಖ ಆಗಲೇ ಗಾಜು ದಾಟಿರುತ್ತದೆ. ನಕ್ಷೆ ಬರೆಯುವಾಗಲೇ ಮೆಟ್ಟಿಲು, ಲಿಫ್ಟು, ಬಚ್ಚಲನ್ನು ಆ ಕಡೆಗೆ ತಳ್ಳಿಬಿಟ್ಟರೆ ಹೆಚ್ಚು ಖರ್ಚಿಲ್ಲದೆ ಕೆಲಸ ಆಗುತ್ತದೆ. ಗಾಳಿಯದೂ ಹೀಗೇ. ಉದ್ದ ಕಾರಿಡಾರಿನ ಎರಡೂ ಬದಿಗೆ ಮನೆ ಜೋಡಿಸಿದರೆ ನಡುವಿನ ಮನೆಗಳಿಗೆ ಒಂದೇ ಕಡೆ ಕಿಟಕಿ. ಒಂದು ಮೆಟ್ಟಿಲ ಸುತ್ತ ನಾಲ್ಕು ಮನೆ ಕೂರಿಸಿದರೆ ಪ್ರತಿ ಮನೆಗೂ ಎರಡು ಕಡೆ ಗಾಳಿ.

ಚಳಿ ದೇಶಗಳಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಅಲ್ಲಿ ಸಂದಿಗಳಲ್ಲಿ ಸೋರುವ ಬಿಸಿ ಗಾಳಿಯೂ ದೊಡ್ಡ ನಷ್ಟ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮುಗಿದ ನಾಲ್ಕು ಮನೆಗಳ ಸಾಲಿನಿಂದ ಬೆಳೆದ ‘ಪ್ಯಾಸಿವ್ ಹೌಸ್’ (ತೀರಾ ಕಡಿಮೆ ಶಕ್ತಿಯಲ್ಲಿ ಬೆಚ್ಚಗಿರುವ ಮನೆ) ಮಾನದಂಡದಲ್ಲಿ, ಮನೆ ಬೆಚ್ಚಗಿಡಲು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ಶಾಖವೇ ಮಿತಿ.

ಇನ್ನು ನೀರು. ಪಂಪಿನ ಬಿಲ್ ಬಗ್ಗೆ ಸಂಘದ ಮೀಟಿಂಗುಗಳಲ್ಲಿ ಜಗಳವೇ ಆಗುತ್ತದೆ, ಅಲ್ವಾ? 100 ಲೀಟರ್ ನೀರನ್ನು 30 ಮೀಟರ್ ಎತ್ತರಕ್ಕೆ ಏರಿಸಲು ಸಾಧಾರಣ ಪಂಪಿಗೂ ಯೂನಿಟ್ಟಿನ ಐವತ್ತನೇ ಒಂದು ಭಾಗ ಸಾಕು. ಅದೇ ನೀರನ್ನು 25 ಡಿಗ್ರಿ ಬಿಸಿ ಮಾಡಲು ಗೀಸರಿಗೆ ಸುಮಾರು 3 ಯೂನಿಟ್ ಬೇಕು. ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಹೀಟ್ ಪಂಪ್ ಇದ್ದರೆ ಒಂದು ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಬಚ್ಚಲುಗಳು ಒಂದರ ಮೇಲೊಂದು ಬಂದರೆ ಪೈಪು ಕಡಿಮೆ, ದಾರಿಯಲ್ಲಿ ಆರಿಹೋಗುವ ಬಿಸಿಯೂ ಕಡಿಮೆ.

ಕಟ್ಟುವವರು ಒಬ್ಬರು, ಬಿಲ್ ಕಟ್ಟುವವರು ಇನ್ನೊಬ್ಬರು. ಅದಕ್ಕೇ ಬಜೆಟ್ ಮೀರಿದಾಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಪದರಕ್ಕೆ. ಟೆಂಡರಿನಲ್ಲಿ ತಾರಸಿಯ ಫೋಮನ್ನು ‘ಇತರೆ’ ಅಂತ ಸೇರಿಸಬೇಡಿ. ದಪ್ಪ, ಸಾಂದ್ರತೆ, ಜಾಗ ಬರೆದು ಬೇರೆ ಐಟಂ ಮಾಡಿ. ಟೈಲ್ಸ್ ಮುಚ್ಚುವ ಮುಂಚೆ ಯಾರಾದರೂ ಟೇಪ್ ಹಿಡಿದು ಮೇಲೆ ಹತ್ತಿ ಅಳೆಯಲಿ, ಆಮೇಲೆ ಬಿಲ್ ಪಾಸ್ ಆಗಲಿ.