ಬಾಲವಾಡಿಗೆ ನಡೆದು ಬರಲಾರದ ಕೂಸಿನ ಊಟ

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಗೋಡೆಯ ಮೇಲೆ ‘ಅಂಗನವಾಡಿ ಕೇಂದ್ರ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರೂ ಜನರ ಬಾಯಲ್ಲಿ ಅದು ಇಂದಿಗೂ ಬಾಲವಾಡಿಯೇ. ಈ ಎರಡೂ ಹೆಸರುಗಳ ಬೇರು ಒಂದೇ ಕಡೆ ಇದೆ. ವಿಜಯಪುರ, ಬೆಳಗಾವಿಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಅದೇ ಪ್ರಾಂತ್ಯದ ಬೋರ್ಡಿ ಎಂಬ ಕರಾವಳಿಯ ಊರಿನಲ್ಲಿ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಬಡವರ ಮಕ್ಕಳಿಗಾಗಿ ಬಾಲವಾಡಿಯ ಪ್ರಯೋಗ ಆರಂಭಿಸಿದರು. ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯನ್ನೇ ಅವರ ಮನೆಯ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಮಾತು ಹುಟ್ಟಿದ್ದು ಹಾಗೆ. ಪಾಠ ಅಂಗಳಕ್ಕೆ ಹೋಯಿತು. ಊಟ ಮಾತ್ರ, ಸರ್ಕಾರದ ಯೋಜನೆಯಾಗಿ ಬಂದ ದಿನದಿಂದಲೂ, ಹೆಚ್ಚಾಗಿ ಕೇಂದ್ರದಲ್ಲೇ ಕುಳಿತು ಮಗು ಬರುವುದನ್ನು ಕಾಯುತ್ತಿದೆ.

ಅಂಗನವಾಡಿಗೂ ಮೊದಲು ಈ ಭಾಗದ ಮಕ್ಕಳಿಗೆ ಸರ್ಕಾರದ ಮೂಲಕ ಸಿಕ್ಕ ಆಹಾರವೆಂದರೆ ‘ಕೇರ್’ ಎಂಬ ವಿದೇಶಿ ನೆರವು ಸಂಸ್ಥೆಯ ಮೂಲಕ ಬರುತ್ತಿದ್ದ ಅಮೆರಿಕದ ಹಾಲಿನ ಪುಡಿ ಮತ್ತು ಹಳದಿ ಬಣ್ಣದ ಉಪ್ಪಿಟ್ಟು. ಅರವತ್ತು ದಾಟಿದವರು ಅದರ ವಾಸನೆಯನ್ನು ಇನ್ನೂ ಮರೆತಿಲ್ಲ. ಆದರೆ ಅದು ಸಾಲಿಗೆ, ಅಂದರೆ ಶಾಲೆಗೆ, ಹೋಗುವ ಮಕ್ಕಳ ಪಾಲಾಗಿತ್ತು. ಸಾಲಿಯ ವಯಸ್ಸಿಗೂ ಮುಂಚಿನ ಮಕ್ಕಳನ್ನು ಗಮನದಲ್ಲಿಟ್ಟು ಕೇಂದ್ರ ಸರ್ಕಾರ 1970-71ರಲ್ಲಿ ವಿಶೇಷ ಪೌಷ್ಟಿಕ ಆಹಾರ ಕಾರ್ಯಕ್ರಮವನ್ನೂ ಬಾಲವಾಡಿ ಪೌಷ್ಟಿಕ ಆಹಾರ ಕಾರ್ಯಕ್ರಮವನ್ನೂ ಆರಂಭಿಸಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ, ಅದೂ ನೂರು ಅಂಗನವಾಡಿಗಳೊಂದಿಗೆ. ಇಂದು ರಾಜ್ಯದಲ್ಲಿ 66 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಈ ವಿಸ್ತರಣೆಯ ಹಿಂದೆ ಸರ್ಕಾರದ ಉದಾರತೆಗಿಂತ ನ್ಯಾಯಾಲಯದ ಒತ್ತಡವೇ ಹೆಚ್ಚು ಕೆಲಸ ಮಾಡಿತು ಎಂದು ಹೇಳಿದರೆ ತಪ್ಪಾಗಲಾರದು. ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ರಾಜಸ್ಥಾನದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾರೆಂದು ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಪಿಯುಸಿಎಲ್ ಸಂಘಟನೆ 2001ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅದೇ ವರ್ಷದ ನವೆಂಬರ್ 28ರ ಆದೇಶದಲ್ಲಿ ಕೋರ್ಟು, ಆರು ವರ್ಷದವರೆಗಿನ ಪ್ರತಿ ಮಗುವಿಗೆ ದಿನಕ್ಕೆ 300 ಕ್ಯಾಲೊರಿ ಮತ್ತು 8ರಿಂದ 10 ಗ್ರಾಂ ಪ್ರೋಟೀನ್ ಕೊಡಬೇಕೆಂದು ಹೇಳಿತು. 2004ರಲ್ಲಿ ಗುತ್ತಿಗೆದಾರರನ್ನು ಅಂಗನವಾಡಿ ಆಹಾರದಿಂದ ದೂರವಿಡಬೇಕೆಂದಿತು. 2006ರ ಡಿಸೆಂಬರ್ 13ರ ಆದೇಶದಲ್ಲಿ 14 ಲಕ್ಷ ಕೇಂದ್ರಗಳನ್ನು ತೆರೆಯಬೇಕೆಂದೂ, 40 ಮಕ್ಕಳಿರುವ ವಸತಿಯ ಜನ ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದೂ ಆದೇಶಿಸಿತು. ಊರಿನಿಂದ ಎರಡು ಮೂರು ಕಿಲೋಮೀಟರ್ ಆಚೆಗಿರುವ ತಾಂಡಾಗಳಿಗೆ, ತೋಟದ ವಸ್ತಿಗಳಿಗೆ ಈ ಒಂದು ವಾಕ್ಯದ ಮಹತ್ವ ಎಷ್ಟೆಂಬುದು ನಕ್ಷೆ ನೋಡಿದವರಿಗಿಂತ ಅಲ್ಲಿಗೆ ನಡೆದು ಹೋದವರಿಗೆ ಚೆನ್ನಾಗಿ ಗೊತ್ತು.

ದುಡ್ಡಿನ ಲೆಕ್ಕ ಇದರ ಜೊತೆಗೇ ಬೆಳೆಯಿತು, ಆದರೆ ಕುಂಟುತ್ತ. ಬಹುಕಾಲ ಒಂದು ಮಗುವಿನ ಒಂದು ದಿನದ ಆಹಾರಕ್ಕೆ ಒಂದು ರೂಪಾಯಿ ಇತ್ತು. 2004ರಲ್ಲಿ ಎರಡು ರೂಪಾಯಿ, 2009ರಲ್ಲಿ ನಾಲ್ಕು, 2012ರಲ್ಲಿ ಆರು, 2017ರಲ್ಲಿ ಎಂಟು ರೂಪಾಯಿ ಆಯಿತು; ತೀವ್ರ ಅಪೌಷ್ಟಿಕತೆಯ ಮಗುವಿಗೆ ಹನ್ನೆರಡು. 2009ರಲ್ಲಿ ಕೊಡಬೇಕಾದ ಪ್ರಮಾಣವೂ 500 ಕ್ಯಾಲೊರಿ ಮತ್ತು 12ರಿಂದ 15 ಗ್ರಾಂ ಪ್ರೋಟೀನಿಗೆ ಏರಿತು, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದಕ್ಕೆ ಹಕ್ಕಿನ ರೂಪ ಕೊಟ್ಟಿತು. ಎಂಟು ರೂಪಾಯಿ ನಿಗದಿಯಾದ ಮೇಲೆ ತೊಗರಿಬೇಳೆಯ ದರ ಎಷ್ಟು ಸಲ ಏರಿಳಿದಿದೆ ಎಂಬುದನ್ನು ತೊಗರಿ ಬೆಳೆಯುವ ಈ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ವೆಚ್ಚದ ಮಿತಿಯನ್ನು ಸೂಕ್ತವಾಗಿ ಹೆಚ್ಚಿಸಲಾಗುವುದು ಎಂಬ ಮಾತು ಕೇಂದ್ರ ಬಜೆಟ್ಟಿನಲ್ಲಿ ಕೇಳಿಬಂದದ್ದು 2025ರಲ್ಲಿ.

ಕಾಯ್ದೆಯನ್ನು ಗಮನವಿಟ್ಟು ಓದಿದರೆ ಅದು ಮಕ್ಕಳನ್ನು ಎರಡು ಗುಂಪು ಮಾಡಿರುವುದು ಕಾಣುತ್ತದೆ. ಮೂರರಿಂದ ಆರು ವರ್ಷದವರಿಗೆ ಕೇಂದ್ರದಲ್ಲೇ ಬೆಳಗಿನ ತಿನಿಸು ಮತ್ತು ಬಿಸಿಯೂಟ. ಆರು ತಿಂಗಳಿಂದ ಮೂರು ವರ್ಷದವರಿಗೆ ಮನೆಗೆ ಒಯ್ಯುವ ಆಹಾರ. ಎಲ್ಲರೂ ಚರ್ಚಿಸುವುದು ಮೊದಲನೆಯ ಗುಂಪಿನ ತಟ್ಟೆಯನ್ನೇ. 2013ರ ಆಗಸ್ಟ್‌ನಲ್ಲಿ ರಾಜ್ಯದ ಕ್ಷೀರಭಾಗ್ಯ ಯೋಜನೆ ಬಂದು 150 ಮಿಲಿಲೀಟರ್ ಹಾಲು ಸಿಗತೊಡಗಿದಾಗಲೂ, 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆಗೆ ವಿಜಯಪುರದ ಸಾಲಿಗಳಲ್ಲಿಯೂ ಮೊಟ್ಟೆ ಕೊಡಲಾರಂಭಿಸಿ ಮಠಗಳಿಂದ ವಿರೋಧ ಬಂದಾಗಲೂ, ಮಾತೆಲ್ಲ ನಡೆದದ್ದು ಪಂಕ್ತಿಯಲ್ಲಿ ಕುಳಿತು ತಾವೇ ಉಣ್ಣಬಲ್ಲ ಮಕ್ಕಳ ಕುರಿತು. ಎತ್ತಿಕೊಂಡು ಬರಬೇಕಾದ ಕೂಸಿನ ಕುರಿತು ಅಷ್ಟು ಜೋರಾದ ಚರ್ಚೆ ನಡೆದದ್ದು ನನಗೆ ನೆನಪಿಲ್ಲ.

ತೊಂದರೆ ಶುರುವಾಗುವುದು ಮಾತ್ರ ಆ ಕೂಸಿನ ವಯಸ್ಸಿನಲ್ಲೇ. ತೂಕ ಹಾಕುವ ದಿನ ಅಂಗನವಾಡಿಯಲ್ಲಿ ಅರ್ಧ ಗಂಟೆ ಕುಳಿತರೆ ಇದು ಕಣ್ಣಿಗೆ ಬೀಳುತ್ತದೆ. ಜಂತಿಗೆ ತೂಗುಹಾಕಿದ ತಕ್ಕಡಿಯ ಚೀಲದಲ್ಲಿ ಕೂರಿಸಿದೊಡನೆ ಮಗು ಕಾಲು ಝಾಡಿಸಿ ಅಳುತ್ತದೆ, ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ, ಅಂಗನವಾಡಿ ಕಾರ್ಯಕರ್ತೆ, ಊರವರ ಬಾಯಲ್ಲಿ ಅಕ್ಕಾರು, ಅದು ನಿಲ್ಲುವವರೆಗೆ ಕಾದು ಕಾರ್ಡಿನ ಮೇಲೆ ಒಂದು ಚುಕ್ಕೆ ಇಡುತ್ತಾರೆ. ಚುಕ್ಕೆಗಳನ್ನು ಕೂಡಿಸಿದ ಗೆರೆ ಎದೆಹಾಲೇ ಸಾಕಾಗುವ ಐದಾರು ತಿಂಗಳವರೆಗೆ ಹಸಿರು ಪಟ್ಟಿಯಲ್ಲಿ ನೆಟ್ಟಗೆ ಏರಿರುತ್ತದೆ. ಆಮೇಲೆ ಅಡ್ಡಕ್ಕೆ ಹೊರಳುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಎಷ್ಟೋ ಕಾರ್ಡುಗಳಲ್ಲಿ ಹಳದಿಗೆ ಇಳಿದಿರುತ್ತದೆ. ತಾಯಿ ಹೊಲದ ಕೆಲಸಕ್ಕೆ ಮರಳುವುದೂ, ಕೂಸು ಅಜ್ಜಿಯ ಇಲ್ಲವೇ ಏಳೆಂಟು ವರ್ಷದ ಅಕ್ಕನ ಕೈಗೆ ಬರುವುದೂ ಅದೇ ತಿಂಗಳುಗಳಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 36.2 ಇತ್ತು. ನಡುವೆ ಐದು ವರ್ಷ ಸರಿದರೂ ಇಳಿದದ್ದು ಇಷ್ಟೇ.

ಈ ಕೂಸುಗಳಿಗಾಗಿ ರಾಜ್ಯದಲ್ಲಿ ಸಿಗುವುದು ಪುಷ್ಟಿ ಎಂಬ ಹೆಸರಿನ ಪುಡಿ. ಹುರಿದ ಧಾನ್ಯ, ಕಾಳುಗಳನ್ನು ಬೀಸಿ ಸಿಹಿ ಬೆರೆಸಿದ ಈ ಪುಡಿಯನ್ನು ಮಹಿಳೆಯರೇ ನಡೆಸುವ ಉತ್ಪಾದನಾ ಕೇಂದ್ರಗಳಲ್ಲಿ ಮಾಡಿಸುವ ವ್ಯವಸ್ಥೆ ಇದೆ; ಗುತ್ತಿಗೆದಾರರು ಬೇಡವೆಂದ ಕೋರ್ಟಿನ ಆದೇಶಕ್ಕೆ ಇದು ಹೊಂದುತ್ತದೆ. ಆದರೆ ಪೊಟ್ಟಣ ಮನೆಯ ಹೊಸ್ತಿಲು ದಾಟಿದ ಮೇಲೆ ಅದು ಒಂದು ಮಗುವಿನ ಆಹಾರವಾಗಿ ಉಳಿಯುವುದಿಲ್ಲ. ಬೆಲ್ಲ, ಶೇಂಗಾ ಪುಡಿ ಸೇರಿಸಿ ಉಂಡಿ ಕಟ್ಟುತ್ತಾರೆ, ಇಲ್ಲವೇ ಗಂಜಿಯ ಹಾಗೆ ಕುದಿಸುತ್ತಾರೆ. ಎರಡಾದರೂ ಮನೆಮಂದಿಯ ಪಾಲಾಗುತ್ತದೆ. “ಮನ್ಯಾಗ ಮೂರು ಹುಡುಗರಿದ್ದಾಗ ಒಬ್ಬಂಗಷ್ಟ ಕೊಟ್ಟು ಉಳಿದವರ ಮಾರಿ ಹೆಂಗ ನೋಡೂದ್ರಿ ಅಕ್ಕಾರ?” ಎಂಬ ಪ್ರಶ್ನೆಗೆ ಯಾವ ಸುತ್ತೋಲೆಯಲ್ಲೂ ಉತ್ತರವಿಲ್ಲ. ತಾಯಂದಿರು ಹಂಚಿಬಿಡುತ್ತಾರೆಂದು ದೂರುವ ಅಧಿಕಾರಿಗಳು ಆ ಮನೆಯ ಒಲೆಯ ಮುಂದೆ ಒಂದು ಸಂಜೆ ಕುಳಿತಿದ್ದರೆ ದೂರುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾಗದು. ಬಿಳಿಜೋಳದ ಈ ಸೀಮೆಯಲ್ಲಿ ಹಲ್ಲು ಬರುವ ಕೂಸಿಗೆ ಮೊದಲು ತಿನ್ನಿಸುವುದು ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು, ಹಾಲಿನಲ್ಲಿ ನೆನೆಸಿದ ರೊಟ್ಟಿಯ ತುಣುಕು, ಬೇಳೆಯ ಕಟ್ಟು. ಯಾವ ಅಜ್ಜಿಯೂ ಅನುಮಾನಿಸದ ತಿನಿಸುಗಳಿವು. ಪುಡಿಯ ಬಗ್ಗೆ ಮಾತ್ರ ಉಷ್ಣವೋ, ಕೂಸಿಗೆ ಜೀರ್ಣವಾಗುವುದೋ ಎಂಬ ಗುಮಾನಿ ಇದ್ದೇ ಇರುತ್ತದೆ.

ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಿಂದ ಕೇಂದ್ರಗಳು ಮುಚ್ಚಿದಾಗ, ಮೂರು ವರ್ಷ ದಾಟಿದವರ ಊಟವೂ ದಿನಸಿಯಾಗಿ ಮನೆಗೆ ಹೋಯಿತು. ಆಗ ದೊಡ್ಡ ಮಕ್ಕಳೂ ಕೂಸುಗಳ ಸ್ಥಿತಿಗೇ ಬಂದರು. 2021ರಿಂದ ಲೆಕ್ಕವೆಲ್ಲ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ಗೆ ಬಿತ್ತು. 2025ರ ಜುಲೈನಿಂದ ಮನೆಗೆ ಒಯ್ಯುವ ಆಹಾರ ಪಡೆಯಲು ಫಲಾನುಭವಿಯ ಮುಖ ಗುರುತಿಸುವುದೂ ಕಡ್ಡಾಯವಾಯಿತು. ಪೊಟ್ಟಣ ತಾಯಿಯ ಕೈಗೆ ತಲುಪಿತೇ ಎಂಬುದನ್ನು ಆ್ಯಪ್ ಹೇಳಬಲ್ಲದು. ಕೂಸಿನ ಬಾಯಿಗೆ ತಲುಪಿತೇ ಎಂಬುದನ್ನು ಹೇಳಲಾರದು.

ಹೀಗಿರುವಾಗ ಕೂಸನ್ನು ಹಗಲೆಲ್ಲ ಇಟ್ಟುಕೊಂಡು ಉಣಿಸುವ ಜಾಗವೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಕೇಂದ್ರ ಸರ್ಕಾರದ ಶಿಶುಪಾಲನಾ ಯೋಜನೆ 2006ರಿಂದಲೇ ಇದ್ದರೂ ಹಳ್ಳಿಗಳಲ್ಲಿ ಅದರ ಹೆಸರು ಕೇಳಿದವರು ಕಡಿಮೆ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಘೋಷಿಸಿತು. ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ಊರಿನ ಹೆಣ್ಣುಮಕ್ಕಳೇ ತರಬೇತಿ ಪಡೆದು ನೋಡಿಕೊಳ್ಳುವ, ಅಲ್ಲಿಯೇ ಉಣಿಸುವ ವ್ಯವಸ್ಥೆ ಇದು. ಮೂರು ವರ್ಷದೊಳಗಿನ ಮಗುವಿನ ಆಹಾರವನ್ನು ಬೇರೆ ಯಾರೂ ಹಂಚಿಕೊಳ್ಳದ ಹಾಗೆ ಅದರ ಬಾಯಿಗೇ ಇಡಬಲ್ಲ ಜಾಗ ಹಳ್ಳಿಗೆ ಬಂದದ್ದು, ಐವತ್ತು ವರ್ಷಗಳ ಈ ಕಥೆಯಲ್ಲಿ, ತೀರ ಈಚೆಗೆ.

ಆದರೆ ದಸರೆ ಮುಗಿದು ಕಬ್ಬು ಕಡಿಯುವ ಹಂಗಾಮು ಶುರುವಾದೊಡನೆ ಇಂಡಿ, ಸಿಂದಗಿ ಕಡೆಯ ಹಳ್ಳಿ, ತಾಂಡಾಗಳಿಂದ ಗ್ಯಾಂಗುಗಳು ಹೊರಡುತ್ತವೆ. ಪಾತ್ರೆ, ಹಾಸಿಗೆ, ಜೋಳದ ಚೀಲಗಳ ನಡುವೆ ಕೂಸುಗಳೂ ಟ್ರಾಲಿ ಏರುತ್ತವೆ. ಅವು ಮರಳುವುದು ಬೇಸಿಗೆಯಲ್ಲಿ. ಆವರೆಗೆ ಆ ಕಾರ್ಡುಗಳಲ್ಲಿ ನಾಲ್ಕೈದು ತಿಂಗಳ ಚುಕ್ಕೆಗಳು ಇರುವುದಿಲ್ಲ.