ಉಂಡ ಮನೆಯ ಜಂತೆ ಮತ್ತು ವೈದ್ಯರ ಔತಣ

ಜುಲೈ 1ರ ವೈದ್ಯರ ದಿನ ಸಮೀಪಿಸಿತೆಂದರೆ ಔಷಧ ಕಂಪನಿಗಳ ಔತಣದ ಕಾರ್ಡುಗಳು ನನ್ನ ಕ್ಲಿನಿಕ್ಕಿಗೆ ಬರತೊಡಗುತ್ತವೆ. ಮೇಲೆ ಡಾ. ಬಿ.ಸಿ. ರಾಯ್ ಅವರ ಭಾವಚಿತ್ರ, ನಡುವೆ ಮಧುಮೇಹದ ಹೊಸ ಮಾತ್ರೆಯ ಕುರಿತ ಉಪನ್ಯಾಸದ ವಿವರ, ಅಡಿಯಲ್ಲಿ ‘ನಂತರ ಭೋಜನ’ ಎಂಬ ಸಾಲು ಇರುತ್ತದೆ. ಸಕ್ಕರೆಯ ಅಪಾಯಗಳನ್ನು ಕೇಳಿ ತಲೆದೂಗಿದವರೆಲ್ಲ ಮರುಗಳಿಗೆಯಲ್ಲೇ ಜಾಮೂನಿನ ಮುಂದೆ ಸಾಲುಗಟ್ಟುವ ದೃಶ್ಯ ರೋಗಿಗಳ ಕಣ್ಣಿಗೆ ಬೀಳದಿರುವುದು ನಮ್ಮ ಪುಣ್ಯ.

ಬಾರೆನೆಂದು ಖಡಾಖಂಡಿತವಾಗಿ ಹೇಳಿದರೆ ಟಾರ್ಗೆಟ್ಟಿನ ಭಾರ ಹೊತ್ತು ಕಾರ್ಡು ತಂದ ರೆಪ್ ಹುಡುಗನ, ಅಂದರೆ ಕಂಪನಿಯ ಮಾರಾಟ ಪ್ರತಿನಿಧಿಯ, ಮುಖ ಬಾಡುತ್ತದೆ. ನೆಪ ಹೇಳಿದರೆ ಮುಂದಿನ ತಿಂಗಳು ಇನ್ನೊಂದು ಕಾರ್ಡು ಬರುತ್ತದೆ. ಆದ್ದರಿಂದ ನಾನು ಅವನಿಗೆ ಚಹಾ ಕೊಟ್ಟು, ಅವನ ಮ್ಯಾನೇಜರರ ಹೆಸರಿಗೆ ಚೀಟಿ ಬರೆಯುತ್ತೇನೆ:

“ಮಾನ್ಯರೇ, ಆಮಂತ್ರಿತ ವೈದ್ಯರನ್ನು ಪರೀಕ್ಷಿಸಲಾಗಿದೆ. ಹಸಿವು ಸಹಜವಾಗಿದೆ, ನಾಲಿಗೆಯ ಚಪಲ ಮಿತಿಮೀರಿದೆ. ಆದರೆ ಪರರ ಖರ್ಚಿನಲ್ಲಿ ಉಂಡ ಮರುದಿನ, ಬಡಿಸಿದವರ ಮಾತ್ರೆಯ ಹೆಸರು ಇವರ ಪೆನ್ನಿನಿಂದ ತಾನಾಗಿ ಇಳಿಯುವ ಲಕ್ಷಣ ಕಂಡುಬಂದಿದೆ. ಉಂಡ ಮನೆಯ ಜಂತೆ ಎಣಿಸಬಾರದೆಂಬುದು ಹಿರಿಯರ ಮಾತು. ಮಾತ್ರೆಯ ಬೆಲೆ ಎಣಿಸುವುದೋ ಇವರ ಕಸುಬು. ಎರಡೂ ಒಟ್ಟಿಗೆ ನಡೆಯದ ಕಾರಣ ಪಥ್ಯ ವಿಧಿಸಲಾಗಿದೆ: ರಾತ್ರಿ ಮನೆಯಲ್ಲಿ ಮುದ್ದೆ, ಬಸ್ಸಾರು. ಪಥ್ಯದ ಅವಧಿ: ನಿವೃತ್ತಿಯವರೆಗೆ.”

ಈ ಲಕ್ಷಣ ನನ್ನ ಕಲ್ಪನೆಯದಲ್ಲ. ಅಮೆರಿಕದ ಸುಮಾರು 2.8 ಲಕ್ಷ ವೈದ್ಯರ ಲೆಕ್ಕಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಂಪನಿಯ ಕಡೆಯಿಂದ ಒಂದೇ ಒಂದು ಊಟ ಪಡೆದ ವೈದ್ಯರೂ ಆ ಕಂಪನಿಯ ಬ್ರಾಂಡನ್ನು ಹೆಚ್ಚಾಗಿ ಬರೆದದ್ದು ಕಂಡುಬಂದಿತು. ಊಟದಿಂದಲೇ ಹಾಗಾಯಿತೆಂದು ಅದು ಸಾಧಿಸಲಿಲ್ಲ, ನಂಟನ್ನಷ್ಟೇ ತೋರಿಸಿತು. ಆದರೂ ಆ ಊಟಗಳ ಸರಾಸರಿ ಬೆಲೆ 20 ಡಾಲರಿಗಿಂತ ಕಡಿಮೆಯಿತ್ತೆಂಬುದನ್ನು ಓದಿದಾಗ, ನಾವು ಇಷ್ಟು ಅಗ್ಗವೇ ಎಂದು ನನಗೆ ನಾಚಿಕೆಯಾದದ್ದು ನಿಜ.

ನಿಯಮಗಳ ಬಗೆಗೂ ಒಂದು ಮಾತು. ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯುವುದನ್ನು ಭಾರತೀಯ ವೈದ್ಯಕೀಯ ಪರಿಷತ್ತು 2009ರ ತಿದ್ದುಪಡಿಯಲ್ಲೇ ನಿಷೇಧಿಸಿತ್ತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಔಷಧ ಮಾರಾಟ ಸಂಹಿತೆಯು ಕಂಪನಿಗಳಿಗೆ ನಿಷಿದ್ಧವಾದ ಆತಿಥ್ಯದ ಪಟ್ಟಿಯಲ್ಲಿ ‘ದುಬಾರಿ ಭೋಜನ’ವನ್ನು ಹೆಸರಿಸಿಯೇ ಸೇರಿಸಿದೆ, ಉಪನ್ಯಾಸಕರಿಗೆ ಮಾತ್ರ ವಿನಾಯಿತಿ. ಉಪನ್ಯಾಸ ಕೊಡಬಲ್ಲವರಿಗೆ ಬಿರಿಯಾನಿಯ ಹಕ್ಕು ಇನ್ನೂ ಉಳಿದಿದೆಯೆಂದು ತಿಳಿಯಬಹುದು.

ಉಪನ್ಯಾಸಕ್ಕೆ ನಾನು ತಪ್ಪದೆ ಹೋಗುತ್ತೇನೆ, ಏಕೆಂದರೆ ವೈದ್ಯರ ನೋಂದಣಿ ನವೀಕರಣಕ್ಕೆ ಇಂಥ ಉಪನ್ಯಾಸಗಳ ಹಾಜರಿಯಿಂದ ಐದು ವರ್ಷಗಳಲ್ಲಿ 30 ಕ್ರೆಡಿಟ್ ಅವರ್ ಕೂಡಿಸಬೇಕು. ಅದಕ್ಕಾಗಿ ಚೀಟಿಯ ಕೊನೆಗೆ ಒಂದು ಕೋರಿಕೆಯನ್ನೂ ಸೇರಿಸುತ್ತೇನೆ: ಹಾಜರಿ ಪುಸ್ತಕವನ್ನು ದಯವಿಟ್ಟು ಸಭಾಂಗಣದ ಬಾಗಿಲಲ್ಲೇ ಇಡಿಸಿರಿ, ಜಾಮೂನಿನ ಪಕ್ಕದಲ್ಲಿ ಬೇಡ.