ಇಗರ್ಜಿಯ ಗೋಪುರದಲ್ಲಿರುವುದು ಚಾಣದ ಗೂಡೇ?

ಪ್ರಶ್ನೆ: ಮುಂಬಯಿಯ ನಮ್ಮ ಇಗರ್ಜಿಯ ಗೋಪುರದಲ್ಲಿ ಪೆರೆಗ್ರಿನ್ ಚಾಣ ಗೂಡು ಕಟ್ಟಿದೆ. ಇಂಗ್ಲೆಂಡಿನ ಚರ್ಚುಗಳಲ್ಲಿ ಮಾಡುವಂತೆ ನಾವೂ ಅದಕ್ಕೊಂದು ಪೆಟ್ಟಿಗೆ ಇಡಬಹುದೇ?

ಚಳಿಗಾಲ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ, ಜೊತೆಗೊಂದು ಫೋಟೊ. ಫೋಟೊದಲ್ಲಿ ಕಡ್ಡಿಗಳ ರಾಶಿ, ನಡುನಡುವೆ ಚಿಂದಿ ಬಟ್ಟೆ, ಪ್ಲಾಸ್ಟಿಕ್ ಹಗ್ಗ. ಅದು ಹದ್ದಿನ ಗೂಡು. ಎಷ್ಟೋ ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ಚಾಣ ಗೂಡು ಕಟ್ಟುವುದಿಲ್ಲ. ಒಂದೇ ಒಂದು ಕಡ್ಡಿಯನ್ನೂ ತರುವುದಿಲ್ಲ. ಬಂಡೆಯ ಅಂಚಿನಲ್ಲಿ ಎದೆಯೂರಿ, ಕಾಲಿನಿಂದ ಗರಸು ಕೆರೆದು ಸಣ್ಣ ತಗ್ಗು ಮಾಡಿಕೊಂಡು ಅದರಲ್ಲೇ ಮೂರು ನಾಲ್ಕು ಮೊಟ್ಟೆ ಇಡುತ್ತದೆ. ಬೇರೆ ಹಕ್ಕಿ ಬಿಟ್ಟುಹೋದ ಗೂಡಿನಲ್ಲಿ ಸಂಸಾರ ಹೂಡುವುದೂ ಉಂಟು. ಆದರೆ ಕಡ್ಡಿ ಹೊತ್ತು ಹಾರುವ ಹಕ್ಕಿಯನ್ನು ನೀವು ಕಂಡಿದ್ದರೆ ಅದು ಚಾಣವಲ್ಲ.

"ನಾವು ಕಂಡದ್ದು ಚಾಣವನ್ನೇ" ಎನ್ನುವವರೂ ಸುಳ್ಳು ಹೇಳುತ್ತಿಲ್ಲ. ಗೊಂದಲದ ಬೇರು ಇಲ್ಲಿದೆ. ಸೈಬೀರಿಯದ ತುಂಡ್ರಾದಲ್ಲಿ ಮರಿ ಮಾಡುವ ಚಾಣಗಳು ಚಳಿಗಾಲ ಕಳೆಯಲು ಭಾರತಕ್ಕೆ ಬರುತ್ತವೆ. ಎತ್ತರದ ಕಟ್ಟಡ, ಗೋಪುರಗಳ ತುದಿ ಅವುಗಳಿಗೆ ಇಷ್ಟ. ಮುಂಬಯಿಯಲ್ಲಿ ಪಾರಿವಾಳಗಳಿಗಂತೂ ಬರವಿಲ್ಲ. ಹದ್ದುಗಳು ಗೂಡು ಕಟ್ಟುವುದೂ ಅದೇ ತಿಂಗಳುಗಳಲ್ಲಿ. ಶಿಲುಬೆಯ ಮೇಲೆ ಚಾಣ, ಅದರ ಕೆಳಗೆಲ್ಲೋ ಗೂಡು. ನೋಡಿದವರು ಎರಡನ್ನೂ ಕೂಡಿಸಿಬಿಡುತ್ತಾರೆ. ಬಾಲ ಕವಲೊಡೆದಿದ್ದರೆ ಹದ್ದು. ಕೆನ್ನೆಯ ಮೇಲೆ ಮೀಸೆಯಂಥ ಕಪ್ಪು ಪಟ್ಟೆ, ಚೂಪಾದ ರೆಕ್ಕೆ ಇದ್ದರೆ ಚಾಣ. ಅದು ಮರಿ ಮಾಡಲು ಬಂದದ್ದಲ್ಲವಾದ್ದರಿಂದ ಪೆಟ್ಟಿಗೆಯ ಕೆಲಸವೇ ಇಲ್ಲ.

ಇಂಗ್ಲೆಂಡಿನ ಚಾಣಗಳು ಅಲ್ಲಿಯೇ ಮರಿ ಮಾಡುವಂಥವು. ಕೆಥೆಡ್ರಲ್ ಅವುಗಳ ಕಣ್ಣಿಗೆ ಇನ್ನೊಂದು ಕಡಿದಾದ ಬಂಡೆ, ಅಷ್ಟೇ. ಬರಿಯ ಕಲ್ಲಿನ ಮೇಲೆ ಮೊಟ್ಟೆ ಉರುಳಿಹೋಗುತ್ತದೆ. ಅದಕ್ಕೇ ಜಲ್ಲಿ ಹರಡಿದ ಹಲಗೆ ಬೇಕು. ಡರ್ಬಿ ಕೆಥೆಡ್ರಲ್‌ನಲ್ಲಿ 2006ರಲ್ಲಿ ಅಂಥದ್ದನ್ನು ಇಟ್ಟರು. ಸಾಲ್ಸ್‌ಬರಿಯ ಗೋಪುರದಲ್ಲಿ 1953ರ ಬಳಿಕ ಮರಿಗಳು ಕಂಡದ್ದು 2014ರಲ್ಲಿ. ಈ ನಡುವೆ, 1950-60ರ ದಶಕಗಳಲ್ಲಿ, ಡಿಡಿಟಿಯಂಥ ಕೀಟನಾಶಕಗಳು ಬ್ರಿಟನ್ನಿನ ಚಾಣಗಳ ಸಂತತಿಯನ್ನೇ ಕುಗ್ಗಿಸಿದ್ದವು. ಡಿಡಿಟಿಯಿಂದ ಚಿಪ್ಪು ಎಷ್ಟು ತೆಳುವಾಗುತ್ತಿತ್ತೆಂದರೆ, ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು.

ಹಾಗಾದರೆ ನಮ್ಮಲ್ಲಿ ಮರಿ ಮಾಡುವ ಚಾಣವೇ ಇಲ್ಲವೇ? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. ಇದೆ. ಪೆರೆಗ್ರಿನ್‌ನದೇ ಉಪಜಾತಿಯಾದ ಶಾಹೀನ್, ಕೆಂಗಂದು ಹೊಟ್ಟೆಯ, ಕಪ್ಪು ತಲೆಯ ಚೆಲುವಾದ ಹಕ್ಕಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಸಹ್ಯಾದ್ರಿಯ ಕಡಿದಾದ ಬಂಡೆಗಳಲ್ಲಿ ಮೊಟ್ಟೆ ಇಟ್ಟು ಮರಿ ಮಾಡುತ್ತದೆ. ಮುಂಬಯಿ, ಪುಣೆಯ ಚಾರಣಿಗರು ಹಗ್ಗ ಕಟ್ಟಿ ಅದೇ ಬಂಡೆಗಳನ್ನು ಇಳಿಯುವುದೂ ಆ ದಿನಗಳಲ್ಲಿಯೇ. ಚಾಣವೊಂದು ಕಿರುಚುತ್ತ ನಿಮ್ಮ ತಲೆಯ ಮೇಲೆಯೇ ಸುತ್ತುತ್ತಿದ್ದರೆ ಮೊಟ್ಟೆಯೋ ಮರಿಯೋ ಹತ್ತಿರದಲ್ಲೇ ಇದೆ. ಹಗ್ಗ ಸುತ್ತಿಕೊಂಡು ಬೇರೆ ಬಂಡೆಗೆ ಹೋಗಿ. ತಾಯಿ ದೂರವೇ ಉಳಿದರೆ ಮೊಟ್ಟೆಗಳು ಬಿಸಿಲಿಗೆ ಕೆಟ್ಟುಹೋಗುತ್ತವೆ.